ಕೇಳಿಸಿಕೊಳ್ಳುವ ಕಟ್ಟಡಗಳ ಜಾಡಿನಲ್ಲಿ: ಪಾಹ್ನಿಯಿಂದ ಝಾದರ್‌ವರೆಗೆ

ಈ ಸಲದ ಪ್ರವಾಸದ ಪಟ್ಟಿಯಲ್ಲಿ ಅರಮನೆಗಳಿರಲಿಲ್ಲ, ವಸ್ತುಸಂಗ್ರಹಾಲಯಗಳೂ ಇರಲಿಲ್ಲ. ಕಾಡಿನೊಳಗೊಂದು, ಬೋಳುಗುಡ್ಡದ ಮೇಲೊಂದು, ಕಡಲಂಚಿನಲ್ಲೊಂದು ಹೀಗೆ ಯುರೋಪಿನ ಮೂರು ಮೂಲೆಗಳಲ್ಲಿರುವ, ಸುತ್ತಲಿನ ನಿಸರ್ಗಕ್ಕೆ ಸ್ಪಂದಿಸುವ ಮೂರು ವಾಸ್ತು ರಚನೆಗಳನ್ನು ನೋಡಿ ಬರುವುದಷ್ಟೇ ಉದ್ದೇಶವಾಗಿತ್ತು. ಸ್ಪಂದಿಸುವ ಕೃತಿ ಎಂದೊಡನೆ ಇಂದು ನಮಗೆ ನೆನಪಾಗುವುದು ಸೆನ್ಸರ್, ಪರದೆ, ಮೋಟಾರುಗಳು. ಹವಾನಿಯಂತ್ರಿತ ಸಭಾಂಗಣದಲ್ಲಿ ಅವು ಸೊಗಸಾಗಿ ಕೆಲಸ ಮಾಡುತ್ತವೆ, ನಿಜ. ಆದರೆ ಅವನ್ನೇ ಹಿಮಕ್ಕೂ ಉಪ್ಪುಗಾಳಿಗೂ ಒಡ್ಡಿದಾಗ ಕೆಲವೇ ವರ್ಷಗಳಲ್ಲಿ ‘ದುರಸ್ತಿಯಲ್ಲಿದೆ’ ಎಂಬ ಫಲಕವೇ ಕೃತಿಯ ಮುಖ್ಯ ಭಾಗವಾಗಿಬಿಡುವುದನ್ನು ನಾನು ಬೇಕಾದಷ್ಟು ಕಡೆ ಕಂಡಿದ್ದೇನೆ. ಹಾಗಾಗಿ ನಾನು ಆರಿಸಿಕೊಂಡ ಮೂರರಲ್ಲಿ ಯಾವುದಕ್ಕೂ ವಿದ್ಯುತ್ ಬೇಕಿರಲಿಲ್ಲ.

ಮೊದಲ ನಿಲ್ದಾಣ ಎಸ್ಟೋನಿಯಾ. ರಾಜಧಾನಿ ತಾಲಿನ್‌ನಿಂದ ತಾರ್ತು ಪಟ್ಟಣದ ಮೂಲಕ ಆಗ್ನೇಯಕ್ಕೆ ಇಳಿದು ವೋರು ಸೀಮೆ ತಲುಪುವಷ್ಟರಲ್ಲಿ, ದೇಶದ ಸರಿಸುಮಾರು ಅರ್ಧದಷ್ಟು ನೆಲ ಕಾಡು ಎಂಬ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ. ಪೈನ್, ಸ್ಪ್ರೂಸ್, ಬರ್ಚ್ ಮರಗಳ ಗೋಡೆ ರಸ್ತೆಯ ಎರಡೂ ಬದಿಗೆ ಒಂದೇ ಸಮನೆ ಸಾಗುತ್ತದೆ, ನಡುನಡುವೆ ಒಂದೊಂದು ಒಂಟಿ ತೋಟದ ಮನೆ. ಲಾತ್ವಿಯಾದ ಗಡಿಗೆ ಹತ್ತಿರವಿರುವ ಪಾಹ್ನಿಯಲ್ಲಿ ಸರಕಾರಿ ಅರಣ್ಯ ಸಂಸ್ಥೆ ನಡೆಸುವ ನಿಸರ್ಗ ಕೇಂದ್ರವಿದೆ. ಅಲ್ಲಿಂದ ಕಾಲುದಾರಿ ಹಿಡಿದು ಸ್ವಲ್ಪ ದೂರ ನಡೆದರೆ ‘ರೂಪ್’ ಎಂದು ಕರೆಯುವ ಮೂರು ಬೃಹತ್ ಮರದ ಕಹಳೆಗಳು ಎದುರಾಗುತ್ತವೆ.

ಎಸ್ಟೋನಿಯಾದ ಕಲಾ ಅಕಾಡೆಮಿಯಲ್ಲಿ ಒಳಾಂಗಣ ವಿನ್ಯಾಸ ಕಲಿಯುತ್ತಿದ್ದ ವಿದ್ಯಾರ್ಥಿಗಳು 2015ರಲ್ಲಿ ಇವನ್ನು ಕಟ್ಟಿದರು. ಮೂಲ ಕಲ್ಪನೆ ಆಗ ವಿದ್ಯಾರ್ಥಿನಿಯಾಗಿದ್ದ ಬಿರ್ಗಿತ್ ಓಯ್ಗುಸ್ ಅವರದು. ಗೋಡೆಗಳ ಒಳಗಿನ ಜಗತ್ತನ್ನು ಕಲಿಯಲು ಬಂದವರು ಗೋಡೆಯೇ ಇಲ್ಲದ ಕಡೆ ಇಷ್ಟು ದೊಡ್ಡ ಕೆಲಸ ಮಾಡಿದ್ದು ನನಗೆ ಬಹಳ ಇಷ್ಟವಾದ ಸಂಗತಿ. ಒಂದೊಂದು ಕಹಳೆಯ ಬಾಯಿಯ ವ್ಯಾಸ ಸುಮಾರು 3 ಮೀಟರ್. ಹತ್ತಿರ ಹೋಗಿ ನೋಡಿದರೆ ಕಾಣುವುದು ಹಲಗೆ ಮತ್ತು ಹಲಗೆಗಳ ನಡುವಿನ ಕೀಲು ಮಾತ್ರ. ಬಣ್ಣವಿಲ್ಲ, ಕೆತ್ತನೆಯಿಲ್ಲ, ವಿವರಣೆಯ ಗೊಡವೆಯೂ ಇಲ್ಲ. ಮಳೆಗಾಲ, ಹಿಮಗಾಲಗಳನ್ನು ಉಂಡ ಮರ ಬೂದಿಬಣ್ಣಕ್ಕೆ ತಿರುಗಿದೆ. ಒಳಗಿನ ಇಳಿಜಾರಿನ ಮೇಲೆ ಅಂಗೈ ಇಟ್ಟರೆ, ಜನ ಒರಗಿ ಒರಗಿ ನಯವಾದ ಜಾಗ ಯಾವುದು, ಯಾರೂ ಮುಟ್ಟದ ಒರಟು ಜಾಗ ಯಾವುದು ಎಂಬುದು ತಿಳಿಯುತ್ತದೆ. ಕುರ್ಚಿ ಇಡದೆಯೇ ಮನುಷ್ಯರನ್ನು ಎಲ್ಲಿ ಕೂರಿಸಬೇಕೋ ಅಲ್ಲಿಯೇ ಕೂರಿಸಿದ್ದಾರೆ.

ಕೆಲಸ ಮಾಡುವ ಬಗೆ ಸರಳ. ಅಗಲವಾದ ಬಾಯಿಂದ ಒಳಬಂದ ಸದ್ದು ಕಿರಿದಾಗುತ್ತ ಹೋಗುವ ಒಡಲಿನಲ್ಲಿ ಒತ್ತಾಗಿ, ಹಿಂಬದಿಯಲ್ಲಿ ಕೂತವರ ಕಿವಿಗೆ ಹೆಚ್ಚಿನ ಬಲದಿಂದ ಮುಟ್ಟುತ್ತದೆ. ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಸದ್ದಿನಲ್ಲಿ 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ ಮಂದ್ರ ಸ್ವರದ ಅಲೆಯುದ್ದವೇ 3 ಮೀಟರಿಗಿಂತ ಹೆಚ್ಚು, ಅಂದರೆ ಅದು ಕಹಳೆಯ ಬಾಯಿಗಿಂತ ದೊಡ್ಡದು. ಹಾಗಾಗಿ ಮಂದ್ರದ ಗುಡುಗುಟ್ಟುವಿಕೆಯನ್ನು ಅದು ಅಷ್ಟಾಗಿ ಹಿಡಿಯಲಾರದು. ಹಕ್ಕಿಗಳ ಕೂಗು ಮತ್ತು ಎಲೆಗಳ ಸರಸರಕ್ಕಾದರೋ ಅಲೆಯುದ್ದ ಕೆಲವೇ ಸೆಂಟಿಮೀಟರುಗಳು. ಅವನ್ನು ಈ ಗಾತ್ರ ಸಲೀಸಾಗಿ ಬಾಚಿಕೊಳ್ಳುತ್ತದೆ. ಒಳಗೆ ಕೂತ ನನಗೆ ಹೊರಗೆ ನಿಂತಾಗ ಗಮನಕ್ಕೇ ಬಾರದಿದ್ದ ಒಂದು ಮರಕುಟಿಗನ ಬಡಿತ ಕೇಳಿಸಿತು. ಹೊರಗೆ ಬಂದು ಅದೇ ದಿಕ್ಕಿಗೆ ಕಿವಿಗೊಟ್ಟಾಗ ಬಡಿತ ಆಗಲೂ ಇತ್ತು, ಬರೀ ಕಿವಿಗೆ ತೆಳುವಾಗಿತ್ತು ಅಷ್ಟೆ.

ಆದರೆ ವಿನ್ಯಾಸದ ನಿಜವಾದ ಜಾಣತನ ಇರುವುದು ಕಹಳೆಯ ಆಕಾರದಲ್ಲಲ್ಲ, ಮೂರನ್ನು ಇಟ್ಟಿರುವ ಅಂತರ ಮತ್ತು ಕೋನದಲ್ಲಿ. ಮೂರು ದಿಕ್ಕಿನಿಂದ ಬಂದ ಕಾಡಿನ ಸದ್ದು ಅವುಗಳ ನಡುವಿನ ಖಾಲಿ ಜಾಗದಲ್ಲಿ ಒಂದಾಗುವಂತೆ ಅವನ್ನು ತಿರುಗಿಸಿ ನಿಲ್ಲಿಸಲಾಗಿದೆ. ಆ ಖಾಲಿ ಜಾಗಕ್ಕೆ ಯಾವ ಗುರುತೂ ಇಲ್ಲ. ಬಂದವರು ಒಂದು ಕಹಳೆಯಿಂದ ಇನ್ನೊಂದಕ್ಕೆ ಹೋಗುವಾಗ ಸಹಜವಾಗಿ ಅದನ್ನು ದಾಟುತ್ತಾರೆ, ದಾಟುವಾಗ ಹೆಜ್ಜೆ ನಿಧಾನವಾಗುತ್ತದೆ. ನಾನಿದ್ದಾಗ ಬಂದ ಒಂದು ಕುಟುಂಬದ ಮಕ್ಕಳು ಮೊದಲು ಕಹಳೆಯೊಳಗೆ ಹತ್ತಿ ಕೂಗಾಡಿದರು, ಉರುಳಾಡಿದರು, ಆಮೇಲೆ ತಾವಾಗಿಯೇ ಪಿಸುಮಾತಿಗೆ ಇಳಿದರು. ಯಾರೂ ಗದರಿಸಿರಲಿಲ್ಲ. ಸಣ್ಣ ಸಂಗೀತ ಕಛೇರಿಗಳಿಗೆ ವೇದಿಕೆಯಾಗಿ, ಶಾಲಾ ಮಕ್ಕಳ ಪಾಠಕ್ಕೆ ತರಗತಿಯಾಗಿ, ಚಾರಣಿಗರಿಗೆ ರಾತ್ರಿ ಮಲಗುವ ತಾವಾಗಿಯೂ ಇವು ಒದಗುತ್ತವೆ.

ಎರಡನೆಯ ನಿಲ್ದಾಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ, ಬರ್ನ್ಲಿ ಪಟ್ಟಣದ ಮೇಲಿನ ಪೆನ್ನೈನ್ ಗುಡ್ಡದಲ್ಲಿ ಟಾಂಕಿನ್ ಲಿಯು ಎಂಬ ವಾಸ್ತುಶಿಲ್ಪ ಸಂಸ್ಥೆ 2006ರಲ್ಲಿ ಪೂರೈಸಿದ ‘ಹಾಡುವ ಮರ’ವಿದೆ. ಗಾಳಿಗೆ ಬಾಗಿದ ಮರದ ರೂಪದಲ್ಲಿ ಪೇರಿಸಿದ ಉಕ್ಕಿನ ಕೊಳವೆಗಳ ಈ ರಚನೆ 3 ಮೀಟರ್ ಎತ್ತರದ್ದು. ಕೆಲವು ಕೊಳವೆಗಳು ಭಾರ ಹೊರಲು ಮಾತ್ರ, ಉಳಿದವುಗಳ ತಳದಲ್ಲಿ ಸೀಳು ಕೊರೆದು ಉದ್ದಕ್ಕೆ ತಕ್ಕಂತೆ ಸ್ವರ ಹೊಂದಿಸಲಾಗಿದೆ. ನಾನು ಹೋದ ಮಧ್ಯಾಹ್ನ ಗಾಳಿ ಮಂದವಾಗಿತ್ತು, ಮರ ಒಂದೆರಡು ಸಲ ನರಳಿ ಸುಮ್ಮನಾಯಿತು. ಇದನ್ನು ದೋಷವೆನ್ನಲಾರೆ. ಬೇಕೆಂದಾಗಲೆಲ್ಲ ಹಾಡುವುದಾದರೆ ಅದು ಗಾಳಿಯ ವಾದ್ಯ ಹೇಗಾದೀತು? ಆದರೆ ಅಲ್ಲಿ ಕೂರಲು ಗಾಳಿಮರೆಯ ಒಂದು ಜಾಗವನ್ನೂ ಯೋಚಿಸಬಹುದಿತ್ತು ಎಂದು ಅನ್ನಿಸಿತು. ಹಾಡಿಗೆ ಬೇಕಾದ ಗಾಳಿಯೇ ಕೇಳುಗನನ್ನು ಓಡಿಸುವಂತಿರಬಾರದು.

ಕ್ರೊಯೇಷಿಯಾದ ಝಾದರ್‌ನಲ್ಲಿ ಆ ಯೋಚನೆ ಪೂರ್ತಿಯಾಗಿ ನಡೆದಿದೆ. ಏಡ್ರಿಯಾಟಿಕ್ ಕಡಲಿಗೆ ಚಾಚಿದ ಈ ಹಳೆಯ ಪಟ್ಟಣ ಎರಡನೆಯ ಮಹಾಯುದ್ಧದ ಬಾಂಬಿಗೆ ಸಿಕ್ಕು ನುಚ್ಚುನೂರಾಗಿತ್ತು. ಯುದ್ಧಾನಂತರದ ಅವಸರದ ಪುನರ್ನಿರ್ಮಾಣದಲ್ಲಿ ಕಡಲಂಚಿಗೆ ಬಂದದ್ದು ಕಾಂಕ್ರೀಟಿನ ಬರಿಯ ಗೋಡೆ. ವಾಸ್ತುಶಿಲ್ಪಿ ನಿಕೋಲಾ ಬಾಶಿಚ್ 2005ರಲ್ಲಿ ಅದೇ ದಂಡೆಯ ಪಶ್ಚಿಮದ ತುದಿಯಲ್ಲಿ ‘ಕಡಲ ಆರ್ಗನ್’ ಕಟ್ಟಿದರು (ಆರ್ಗನ್ ಎಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ವಾದ್ಯ). ಮರುವರ್ಷ ಅದಕ್ಕೆ ಯುರೋಪಿನ ಸಾರ್ವಜನಿಕ ಸ್ಥಳಗಳ ಪ್ರಶಸ್ತಿ ಜಂಟಿಯಾಗಿ ಸಂದಿತು.

ಹುಡುಕಿಕೊಂಡು ಹೋದವರಿಗೆ ಮೊದಲು ಕಾಣುವುದು ನೀರಿಗಿಳಿಯುವ ಬಿಳಿಯ ಕಲ್ಲಿನ ಮೆಟ್ಟಿಲುಗಳು ಮಾತ್ರ. ವಾದ್ಯ ಎಲ್ಲಿದೆ ಎಂದು ಕೇಳಿದರೆ ಅದರ ಮೇಲೆಯೇ ನಿಂತಿದ್ದೀರಿ ಎನ್ನಬೇಕಾಗುತ್ತದೆ. ಸುಮಾರು 70 ಮೀಟರ್ ಉದ್ದಕ್ಕೆ, ಏಳು ಭಾಗಗಳಾಗಿ, ಮೆಟ್ಟಿಲುಗಳ ಕೆಳಗೆ 35 ಕೊಳವೆಗಳನ್ನು ಹುದುಗಿಸಲಾಗಿದೆ. ಅಲೆ ಬಂದು ಕೊಳವೆಯ ಕೆಳಬಾಯಿಗೆ ನುಗ್ಗಿದಾಗ ಒಳಗಿನ ಗಾಳಿ ಮೇಲಕ್ಕೆ ತಳ್ಳಲ್ಪಟ್ಟು, ಕೊಳಲಿನಲ್ಲಿ ಆಗುವಂತೆಯೇ ಒಂದು ಸೀಳಿನ ಅಂಚಿಗೆ ಬಡಿದು ಸ್ವರವಾಗುತ್ತದೆ. ಆ ಸ್ವರ ಕಾಲುದಾರಿಯ ಅಡಿಯ ಸುರಂಗದಲ್ಲಿ ತುಂಬಿಕೊಂಡು ಕಲ್ಲಿನ ರಂಧ್ರಗಳಿಂದ ಹೊರಬರುತ್ತದೆ. ಒಂದು ರಂಧ್ರದ ಮೇಲೆ ಕೈ ಹಿಡಿದೆ: ಸ್ವರದ ಜೊತೆಗೆ ತಣ್ಣನೆಯ, ಉಪ್ಪು ವಾಸನೆಯ ಉಸಿರು ಅಂಗೈಗೆ ತಾಗಿತು. ಪ್ರತಿ ಭಾಗಕ್ಕೂ ಐದು ಸ್ವರ. ದಾಲ್ಮೇಶಿಯಾ ಕರಾವಳಿಯಲ್ಲಿ ಗಂಡಸರು ಗುಂಪಾಗಿ ಹಾಡುವ ‘ಕ್ಲಾಪಾ’ ಪದ್ಧತಿಯ ಸ್ವರಮೇಳಗಳನ್ನು ಆಧರಿಸಿ ಅವನ್ನು ಆರಿಸಿದ್ದರಿಂದ, ಅಲೆ ಯಾವ ಕ್ರಮದಲ್ಲಿ ಬಂದರೂ ಅಪಸ್ವರ ಹುಟ್ಟುವುದಿಲ್ಲ. ರಾಗವನ್ನು ಯಾರೂ ಬರೆದಿಲ್ಲ, ಆದರೆ ಯಾವ ರಾಗಗಳು ಸಾಧ್ಯ ಎಂಬುದನ್ನು ಮೊದಲೇ ನಿರ್ಧರಿಸಿಟ್ಟಿದ್ದಾರೆ. ಅಕಸ್ಮಾತ್ತಿಗೆ ಇಷ್ಟು ಅಚ್ಚುಕಟ್ಟಾಗಿ ಬೇಲಿ ಹಾಕಿದ ಇನ್ನೊಂದು ಕೃತಿಯನ್ನು ನಾನು ಕಂಡಿಲ್ಲ.

ಇದರ ಹಿರಿಯಣ್ಣ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ 1986ರಲ್ಲಿಯೇ ಪೀಟರ್ ರಿಚರ್ಡ್ಸ್ ಮತ್ತು ಜಾರ್ಜ್ ಗೊಂಜಾಲಿಸ್ ಕಟ್ಟಿದ ‘ಅಲೆಗಳ ಆರ್ಗನ್’. ಅಲ್ಲಿ ನೀರಿನ ಮಟ್ಟ ಬಹಳ ಏರಿಳಿಯುವುದರಿಂದ ಉಬ್ಬರದ ಹೊತ್ತು ನೋಡಿಕೊಂಡೇ ಹೋಗಬೇಕು. ಏಡ್ರಿಯಾಟಿಕ್‌ನ ಈ ಭಾಗದಲ್ಲಿ ಉಬ್ಬರವಿಳಿತದ ಅಂತರ ತೀರ ಕಡಿಮೆ, ಹಾಗಾಗಿ ಕೊಳವೆಯ ಬಾಯಿಗಳನ್ನು ಒಂದೇ ಮಟ್ಟದಲ್ಲಿ ಇಟ್ಟರೂ ದಿನವಿಡೀ ನಡೆಯುತ್ತದೆ. ಒಂದು ಊರಿನಲ್ಲಿ ಗೆದ್ದ ವಿನ್ಯಾಸವನ್ನು ಇನ್ನೊಂದು ಊರಿಗೆ ಹಾಗೆಯೇ ಎತ್ತಿಕೊಂಡು ಹೋಗಲು ಹೊರಡುವವರು ಮೊದಲು ನೋಡಬೇಕಾದದ್ದು ನಕ್ಷೆಯನ್ನಲ್ಲ, ಉಬ್ಬರವಿಳಿತದ ಕೋಷ್ಟಕಗಳನ್ನು.

ಪಕ್ಕದಲ್ಲಿಯೇ ಬಾಶಿಚ್ ಅವರದೇ ‘ಸೂರ್ಯನಿಗೆ ವಂದನೆ’ ಇದೆ. 2008ರಲ್ಲಿ ಬಂದ ಈ 22 ಮೀಟರ್ ವ್ಯಾಸದ ವೃತ್ತದಲ್ಲಿ 300 ಗಾಜಿನ ಫಲಕಗಳು ಹಗಲೆಲ್ಲ ಬಿಸಿಲನ್ನು ವಿದ್ಯುತ್ತಾಗಿಸಿ ರಾತ್ರಿ ಬಣ್ಣಬಣ್ಣದ ಬೆಳಕು ಬೀರುತ್ತವೆ. ಜನ ಅದರ ಮೇಲೆ ಕುಣಿಯುತ್ತಾರೆ, ಚಿತ್ರ ತೆಗೆಸಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಆರ್ಗನ್ನಿನ ಕೇಳುಗರನ್ನು ಕಸಿಯುವ ಕೃತಿಯಾಗಿ ಕಂಡಿತು: ಕತ್ತಲಾದೊಡನೆ ಮೆಟ್ಟಿಲು ಬಿಟ್ಟು ಎಲ್ಲರೂ ಬೆಳಕಿನ ಕಡೆಗೆ ನಡೆದರು. ಇದನ್ನು ಒಪ್ಪದವರೇ ಹೆಚ್ಚಿರಬಹುದು.

ಹೋಗುವವರಿಗೆ ಒಂದು ಮಾತು. ಎಲ್ಲರೂ ಸೇರುವ ಸೂರ್ಯಾಸ್ತದ ಗದ್ದಲಕ್ಕಿಂತ, ಬೇಸಿಗೆಯಲ್ಲಿ ‘ಮಾಯಿಸ್ತ್ರಾಲ್’ ಎಂಬ ವಾಯವ್ಯದ ಕಡಲಗಾಳಿ ಬೀಸುವ ಮಧ್ಯಾಹ್ನವೇ ಕೇಳಲು ಮೇಲು. ಒಂದೇ ಕಡೆ ಕೂರದೆ ಏಳೂ ಭಾಗಗಳಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಕೂತರೆ ಸ್ವರಮೇಳ ಬದಲಾಗುವುದು ಗೊತ್ತಾಗುತ್ತದೆ. ದೊಡ್ಡ ದೋಣಿಯೊಂದು ಹಾದುಹೋದರೆ ಕೂಡಲೇ ಏಳಬೇಡಿ. ಅದು ಎಬ್ಬಿಸಿದ ಅಲೆಗಳು ದಂಡೆ ಮುಟ್ಟಲು ತುಸು ಹೊತ್ತು ಬೇಕು, ಮುಟ್ಟಿದಾಗ 35 ಕೊಳವೆಗಳೂ ಹೆಚ್ಚುಕಡಿಮೆ ಒಟ್ಟಿಗೇ ದನಿಗೂಡಿಸುತ್ತವೆ.