ಸೆನ್ಸರ್ ಬದಲಿಸುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಹಳೆಯ ಪೆಟ್ರೋಲ್ ಕಾರಿನ ಚೆಕ್ ಎಂಜಿನ್ ದೀಪ ಹೊತ್ತಿಕೊಂಡರೆ ಮೊದಲು ನೋಡಬೇಕಾದ್ದು ಸೆನ್ಸರನ್ನಲ್ಲ, ಅದರ ಕನೆಕ್ಟರನ್ನು. ತಿಂಗಳುಗಟ್ಟಲೆ ತೇವಕ್ಕೆ ಪಿನ್ನಿನ ಮೇಲೆ ಹಸಿರು ಕಿಲುಬು ಕೂರುತ್ತದೆ. ಅದು ಸೇರಿಸುವ ರೆಸಿಸ್ಟೆನ್ಸ್ ಸಾಕು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಲೆಕ್ಕ ತಪ್ಪುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ ಕೂರಿಸಿ. ತೋಟದ ಮನೆಯ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಇಲಿ ಕಡಿದ ವೈರನ್ನೂ ಹುಡುಕಿ.

ಕಪ್ಪು ಹೊಗೆ, ಮೈಲೇಜ್ ಕುಸಿತ, ಬಿಸಿಯಾದ ಮೇಲೂ ಏರಿದ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಇದ್ದರೆ, ಎಂಜಿನ್ ತಂಪಾಗಿಸುವ ದ್ರವದ ಬಿಸಿ ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಮೇಲೆ ಅನುಮಾನ. ಕನೆಕ್ಟರ್ ಕಳಚಿ ಸೆನ್ಸರಿನ ಎರಡು ಪಿನ್ನಿನ ನಡುವಿನ ರೆಸಿಸ್ಟೆನ್ಸನ್ನು ಮಲ್ಟಿಮೀಟರಿನಲ್ಲಿ ಓಮ್ ಲೆಕ್ಕದಲ್ಲಿ ಅಳೆಯಿರಿ. ಬಹುತೇಕ ಸೆನ್ಸರ್‌ಗಳಲ್ಲಿ 20 ಡಿಗ್ರಿಗೆ 2,000ದಿಂದ 3,000 ಓಮ್, 80 ಡಿಗ್ರಿಗೆ ಸುಮಾರು 300. ಬಿಸಿಯಾದಂತೆ ಅಂಕಿ ನುಣ್ಣಗೆ ಇಳಿಯಬೇಕು. ನಡುವೆ ನೆಗೆದರೆ ಸೆನ್ಸರ್ ಹೋಗಿದೆ. ಕೀ ಆನ್ ಮಾಡಿದಾಗ ವೈರಿನ ಕಡೆ 5 ವೋಲ್ಟ್ ಬರದಿದ್ದರೆ ತಪ್ಪು ಸೆನ್ಸರಿನದ್ದಲ್ಲ. ತೆರೆದೇ ಉಳಿದ ಥರ್ಮೋಸ್ಟಾಟ್ (ಕೂಲೆಂಟ್ ಹರಿವು ನಿಯಂತ್ರಿಸುವ ವಾಲ್ವ್) ಕೂಡ ಇದೇ ಲಕ್ಷಣ ತೋರಿಸುತ್ತದೆ.

ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ವಿಷಯದಲ್ಲಿ ನಮ್ಮ ಘಟ್ಟದ ಊರುಗಳಲ್ಲಿ ಒಳ್ಳೆಯ ಸೆನ್ಸರ್‌ಗಳೇ ಕಸಕ್ಕೆ ಹೋಗುತ್ತವೆ. ಕೀ ಆನ್, ಎಂಜಿನ್ ಆಫ್ ಇರುವಾಗ ಅದು ವೋಲ್ಟೇಜಾಗಿ ತೋರಿಸುವುದು ಸುತ್ತಲಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 101 ಕಿಲೋಪಾಸ್ಕಲ್ ಇದ್ದದ್ದು ಸುಮಾರು 1,090 ಮೀಟರ್ ಎತ್ತರದ ಚಿಕ್ಕಮಗಳೂರಲ್ಲಿ 89ರ ಆಸುಪಾಸು, 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ 80. ಸಮುದ್ರಮಟ್ಟದ ವೋಲ್ಟೇಜಿಗೆ ಹೋಲಿಸಿ ಕಡಿಮೆ ಬಂತೆಂದು ಎಸೆಯಬೇಡಿ. ಐಡಲ್‌ನಲ್ಲಿ 30ರಿಂದ 40 ಕಿಲೋಪಾಸ್ಕಲ್ ಇರಬೇಕು. ಹೆಚ್ಚಿದ್ದರೆ ಮೊದಲು ವ್ಯಾಕ್ಯೂಮ್ ಪೈಪಿನ ಬಿರುಕು ನೋಡಿ.