ಗಾಂಜಾ ವೇಪ್ ಕಾರ್ಟ್ರಿಜ್ ಡಬ್ಬಿ: ಯಾವುದನ್ನು ಓದಬೇಕು, ಯಾವುದನ್ನು ನಂಬಬಾರದು

ಕೆನಡಾದಲ್ಲಿ ಓದುವ ಮಗ, ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುವ ಮಗಳು, ಹಡಗಿನ ಡ್ಯೂಟಿ ಮೇಲೆ ಬಂದರಿಂದ ಬಂದರಿಗೆ ತಿರುಗುವ ಅಳಿಯ. ಶಿರಸಿಯಿಂದ ಭಟ್ಕಳದವರೆಗೆ ಇಂಥ ಮನೆಗಳು ಈಗ ಬೇಕಾದಷ್ಟಿವೆ. ಅವರಿರುವ ಕೆಲವು ಕಡೆ ಗಾಂಜಾ ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರುವ ಸರಕು. ನಮ್ಮ ಹಿರಿಯರಿಗೆ ಗೊತ್ತಿರುವುದು ಭಂಗಿ ಸೊಪ್ಪು, ಚಿಲುಮೆ, ಹೆಚ್ಚೆಂದರೆ ಚರಸ್. ಈಗಿನದು ಕಾರ್ಟ್ರಿಜ್ ಎಂಬ ಬೆರಳುದ್ದದ ಗಾಜಿನ ಕೊಳವೆಯಲ್ಲಿ ತುಂಬಿ, ಬ್ಯಾಟರಿಯಿಂದ ಕಾಯಿಸಿ ಎಳೆಯುವ ಎಣ್ಣೆ, ಇಲ್ಲವೇ ಪುಟ್ಟ ಡಬ್ಬಿಯಲ್ಲಿ ಮೇಣದಂತಿರುವ ಮುದ್ದೆ. ಅಲ್ಲಿಯ ಅಂಗಡಿ ಹೂವಿನಲ್ಲಿ ಸುಮಾರು ಶೇ. 15ರಿಂದ 25 ಇರುವ ಟಿಎಚ್‌ಸಿ, ಎಂದರೆ ಅಮಲು ಏರಿಸುವ ಅಂಶ, ಇದರಲ್ಲಿ ಶೇ. 70ರಿಂದ 90ರವರೆಗೆ ಇರುತ್ತದೆ. ಇಷ್ಟು ಗಟ್ಟಿಯಾದ ವಸ್ತುವಿನ ಲೇಬಲ್ ಓದಲೇಬೇಕು. ಆದರೆ ಓದುವವರು ಸಾಮಾನ್ಯವಾಗಿ ಮುಂಭಾಗದಲ್ಲಿ ದಪ್ಪಕ್ಷರದಲ್ಲಿರುವ ಶೇಕಡಾ ಅಂಕಿಯನ್ನು ನೋಡಿ ಮುಗಿಸುತ್ತಾರೆ. ಆ ಅಂಕಿಯಿಂದ ತಿಳಿಯುವುದು ಬಹಳ ಕಡಿಮೆ. ತಿಳಿಯಬೇಕಾದದ್ದೆಲ್ಲ ಹಿಂಬದಿಯ ಸಣ್ಣಕ್ಷರದ ಬ್ಯಾಚ್ ನಂಬರ್ ಹಿಡಿದು ಹೋದರೆ ಸಿಗುತ್ತದೆ.

ಹಾಗಿದ್ದರೂ ಅಂಕಿಯ ಲೆಕ್ಕ ಮೊದಲು ಗೊತ್ತಿರಲಿ. ಹಸಿ ಗಿಡದಲ್ಲಿ ಬಹುಪಾಲು ಇರುವುದು ಟಿಎಚ್‌ಸಿಎ ಎಂಬ ಆಮ್ಲ, ಅದರಿಂದ ಅಮಲು ಏರುವುದಿಲ್ಲ. ಬಿಸಿ ತಾಗಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಕಳಚಿಹೋಗಿ ಟಿಎಚ್‌ಸಿ ಆಗುತ್ತದೆ, ಕಳಚಿದಷ್ಟು ತೂಕವೂ ಇಳಿಯುತ್ತದೆ. ಹಾಗಾಗಿ ಒಟ್ಟು ಟಿಎಚ್‌ಸಿ ಬೇಕಿದ್ದರೆ ಟಿಎಚ್‌ಸಿಎ ಅಂಕಿಯನ್ನು 0.877ರಿಂದ ಗುಣಿಸಿ, ಬಂದದ್ದಕ್ಕೆ ಟಿಎಚ್‌ಸಿ ಅಂಕಿಯನ್ನು ಕೂಡಿಸಬೇಕು. ಡೈಮಂಡ್ಸ್ ಎಂದು ಮಾರುವ ಹರಳಿನ ಡಬ್ಬಿಯ ಮೇಲೆ ಟಿಎಚ್‌ಸಿ ಶೇ. 3, ಟಿಎಚ್‌ಸಿಎ ಶೇ. 85 ಎಂದಿದೆ ಎನ್ನಿ. 85ನ್ನು 0.877ರಿಂದ ಗುಣಿಸಿದರೆ 74.5, ಅದಕ್ಕೆ 3 ಕೂಡಿಸಿದರೆ 77.5. ಬರೀ 3 ನೋಡಿ ಇದು ಹಗುರದ್ದು ಎಂದುಕೊಂಡರೆ ಕೆಟ್ಟಿರಿ. ಎರಡನ್ನೂ ನೇರ ಕೂಡಿಸಿ 88 ಎಂದರೂ ತಪ್ಪೇ. ಕೆನಡಾದ ಡಬ್ಬಿಯಲ್ಲಿ ಶೇಕಡಾ ಬದಲು ಒಂದು ಗ್ರಾಂಗೆ ಇಷ್ಟು ಮಿಲಿಗ್ರಾಂ ಎಂದು ಇರುವುದುಂಟು: 850 ಮಿ.ಗ್ರಾಂ ಎಂದರೆ ಶೇ. 85. ಅಲ್ಲಿ ಟಿಎಚ್‌ಸಿ, ಒಟ್ಟು ಟಿಎಚ್‌ಸಿ ಎಂದು ಎರಡು ಸಾಲು ಕಂಡರೆ ಎರಡನೆಯದನ್ನೇ ಹಿಡಿಯಿರಿ.

ಶೇಕಡಾವನ್ನು ಮಿಲಿಗ್ರಾಂಗೆ ಇಳಿಸಿದ ಮೇಲೇ ಅದರ ತೂಕ ಮನಸ್ಸಿಗೆ ಬರುವುದು. ಅರ್ಧ ಗ್ರಾಂ ಕಾರ್ಟ್ರಿಜ್‌ನಲ್ಲಿ ಶೇ. 85 ಎಂದರೆ 425 ಮಿ.ಗ್ರಾಂ ಟಿಎಚ್‌ಸಿ. ಅಮೆರಿಕದ ರಾಷ್ಟ್ರೀಯ ಮಾದಕವಸ್ತು ದುರ್ಬಳಕೆ ಅಧ್ಯಯನ ಸಂಸ್ಥೆ 2021ರಲ್ಲಿ ಸಂಶೋಧನೆಗಳಿಗೆಂದು 5 ಮಿ.ಗ್ರಾಂ ಅನ್ನು ಒಂದು ಅಳತೆ ಎಂದು ಗೊತ್ತುಮಾಡಿತು. ಆ ಲೆಕ್ಕದಲ್ಲಿ ಈ ಚಿಕ್ಕ ಕೊಳವೆಯೊಳಗೆ 85 ಅಳತೆ ಇದೆ. ಒಂದು ಎಳೆತಕ್ಕೆ ಎಷ್ಟು ಒಳಗೆ ಹೋಗುತ್ತದೆ ಎಂದು ಯಾವ ಲೇಬಲ್ಲೂ ನಿಖರವಾಗಿ ಹೇಳಲಾರದು, ಏಕೆಂದರೆ ಅದು ಬ್ಯಾಟರಿಯ ವೋಲ್ಟೇಜ್, ಎಣ್ಣೆ ಕಾಯಿಸುವ ಕಾಯಿಲ್‌ನ ಗುಣ, ಎಷ್ಟು ಸೆಕೆಂಡು ಎಳೆದರು ಎಂಬುದರ ಮೇಲೆ ನಿಂತಿದೆ. ಲೈವ್ ರೆಸಿನ್‌ನಂಥ ಪರಿಮಳದ ಎಣ್ಣೆಗೆ 2.4ರಿಂದ 2.8 ವೋಲ್ಟ್ ಸಾಕು. 4 ವೋಲ್ಟ್‌ಗೆ ಏರಿಸಿದರೆ ಎಣ್ಣೆ ಕರಟುತ್ತದೆ, ಗಂಟಲು ಉರಿಯುತ್ತದೆ, ಬೇಡದ ರಾಸಾಯನಿಕಗಳೂ ಹುಟ್ಟುತ್ತವೆ. ಕಾನೂನು ಒಪ್ಪಿದ ಊರಿನಲ್ಲಿ ಮೊದಲ ಬಾರಿ ಬಳಸುವವರು ಎರಡು ಸೆಕೆಂಡಿನ ಒಂದೇ ಎಳೆತ ಎಳೆದು, ಇಪ್ಪತ್ತು ನಿಮಿಷ ಕಾಯಬೇಕು. ಏನೂ ಆಗಲಿಲ್ಲ ಎಂದು ಐದು ನಿಮಿಷಕ್ಕೇ ಮತ್ತೆ ಎಳೆದವರೇ ತಲೆ ತಿರುಗಿ ಬೀಳುವುದು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಟಿಎಚ್‌ಸಿ, ಸಿಬಿಡಿ ಮೊದಲಾದ, ಗಾಂಜಾ ಗಿಡದ ಮುಖ್ಯ ಸಂಯುಕ್ತಗಳಾದ ಕ್ಯಾನಬಿನಾಯ್ಡ್‌ಗಳ ಮೊತ್ತಕ್ಕೆ, ಪರಿಮಳ ಕೊಡುವ ಟರ್ಪೀನ್‌ಗಳ ಶೇಕಡಾ ಕೂಡಿಸಿ ನೋಡಿ. ಟಿಎಚ್‌ಸಿ 96, ಟರ್ಪೀನ್ 8 ಎಂದಿದ್ದರೆ 104 ಆಯಿತು. ನೂರು ಗ್ರಾಂನಲ್ಲಿ ನೂರಾನಾಲ್ಕು ಗ್ರಾಂ ಇರಲು ಸಾಧ್ಯವಿಲ್ಲ, ಆ ಡಬ್ಬಿಯನ್ನು ಅಲ್ಲೇ ಬಿಟ್ಟುಬಿಡಿ.

ಹೆಸರುಗಳ ವಿಷಯ ಬೇಗ ಮುಗಿಸಬಹುದು. ಡಿಸ್ಟಿಲೇಟ್ ಎಂದರೆ ಬಟ್ಟಿ ಇಳಿಸಿದ ಎಣ್ಣೆ. ಅದರಲ್ಲಿ ಟಿಎಚ್‌ಸಿ ಹೆಚ್ಚು, ಪರಿಮಳ ಹೋಗಿರುತ್ತದೆ, ಅದಕ್ಕೇ ಟರ್ಪೀನ್ ಹೊರಗಿನಿಂದ ಬೆರೆಸುತ್ತಾರೆ. ಲೈವ್ ರೆಸಿನ್ ಎಂದರೆ ಕೊಯ್ದ ಹೂವನ್ನು ಒಣಗಿಸದೆ ಫ್ರೀಜ್ ಮಾಡಿ, ಬ್ಯುಟೇನ್ ಅಥವಾ ಪ್ರೊಪೇನ್ ಹಾಯಿಸಿ ತೆಗೆದದ್ದು. ರೋಸಿನ್‌ಗೆ ಯಾವ ದ್ರಾವಕವೂ ಬೇಡ, ಶಾಖ ಕೊಟ್ಟು ಒತ್ತಿ ಹಿಂಡುತ್ತಾರೆ. ಶಾಟರ್, ವ್ಯಾಕ್ಸ್, ಬ್ಯಾಡರ್, ಶುಗರ್, ಸಾಸ್ ಇವೆಲ್ಲ ಮುದ್ದೆ ಗಾಜಿನಂತಿದೆಯೋ ಬೆಣ್ಣೆಯಂತಿದೆಯೋ ಎಂದು ಹೇಳುವ ಹೆಸರುಗಳು. ಶಕ್ತಿಗೂ ಶುದ್ಧತೆಗೂ ಅವುಗಳಿಂದ ಯಾವ ಖಾತರಿಯೂ ಇಲ್ಲ.

ಶುದ್ಧತೆಯ ಮಾತೇ ದೊಡ್ಡದು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಜೋನಿ ಬೆಲ್ಲಕ್ಕೆ ಇಳಿಸುವಾಗ ಸಿಹಿಯೊಂದೇ ಗಟ್ಟಿಯಾಗುವುದಿಲ್ಲ, ಹಾಲಿನಲ್ಲಿ ಕರಗಿದ್ದ ಉಪ್ಪಿನಂಶವೂ ಕೊಪ್ಪರಿಗೆಯಲ್ಲೇ ಉಳಿದು ಗಟ್ಟಿಯಾಗುತ್ತದೆ. ಗಾಂಜಾ ಹೂವನ್ನು ಎಣ್ಣೆಗೆ ಇಳಿಸುವಾಗಲೂ ಹೀಗೇ. ಹೂವಿನ ಮೇಲೆ ಹೊಡೆದ ಕೀಟನಾಶಕ, ಶಿಲೀಂಧ್ರನಾಶಕಗಳಲ್ಲಿ ಹೆಚ್ಚಿನವು ಎಣ್ಣೆಯಲ್ಲಿ ಕರಗುವಂಥವು, ಟಿಎಚ್‌ಸಿ ಜೊತೆಗೇ ಬಂದು ಹಲವು ಪಟ್ಟು ಹೆಚ್ಚುತ್ತವೆ. ಮೈಕ್ಲೋಬ್ಯುಟಾನಿಲ್ ಎಂಬ ಶಿಲೀಂಧ್ರನಾಶಕ ಕಾದಾಗ ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಹಣ್ಣಿನ ಬೆಳೆಗೆ ನಡೆಯುವ ಔಷಧಿ ಎಂಬ ಸಮಾಧಾನ ಹೊಗೆಯಾಗಿ ಎಳೆಯುವ ವಸ್ತುವಿಗೆ ಒಪ್ಪುವುದಿಲ್ಲ.

ದ್ರಾವಕದ ಉಳಿಕೆಯೂ ಇರುತ್ತದೆ. ಕ್ಯಾಲಿಫೋರ್ನಿಯಾದ ನಿಯಮದಲ್ಲಿ ಎಣ್ಣೆಯ ಒಂದು ಗ್ರಾಂಗೆ ಬ್ಯುಟೇನ್ 5,000 ಮೈಕ್ರೋಗ್ರಾಂ ದಾಟಬಾರದು, ಹೆಕ್ಸೇನ್ 290, ಬೆಂಜೀನ್ ಬರೀ 1. ಉಸಿರಿಗೆ ಎಳೆಯುವ ವಸ್ತುಗಳಲ್ಲಿ ಲೋಹಗಳ ಮಿತಿ ಇನ್ನೂ ಬಿಗಿ: ಸೀಸ 0.5, ಕ್ಯಾಡ್ಮಿಯಂ 0.2, ಆರ್ಸೆನಿಕ್ 0.2, ಪಾದರಸ 0.1 ಮೈಕ್ರೋಗ್ರಾಂ. ಸೀಸ ಗಿಡದಿಂದಲೇ ಬರಬೇಕೆಂದಿಲ್ಲ. ಕಾರ್ಟ್ರಿಜ್‌ನ ಹಿತ್ತಾಳೆ ಭಾಗ, ಬೆಸುಗೆ, ಕಾಯಿಲ್‌ನ ತಂತಿಯಿಂದಲೂ ನಿಧಾನವಾಗಿ ಎಣ್ಣೆಗೆ ಇಳಿಯುತ್ತದೆ. ಡ್ರಮ್ಮಿನಲ್ಲಿದ್ದ ಎಣ್ಣೆಯನ್ನು ಪರೀಕ್ಷಿಸಿದರೆ ಇದು ಸಿಕ್ಕಿಬೀಳುವುದಿಲ್ಲ, ಕೊಳವೆಗೆ ತುಂಬಿದ ಮೇಲಿನ ಮಾದರಿಯೇ ಆಗಬೇಕು. ಎಣ್ಣೆ ಹಳೆಯದಾದಷ್ಟೂ ಲೋಹದ ಜೊತೆ ಹೆಚ್ಚು ಕಾಲ ಕೂತಿರುತ್ತದೆ, ಆದ್ದರಿಂದ ಪ್ಯಾಕ್ ಆದ ದಿನಾಂಕ ನೋಡುವುದು ಕಾಟಾಚಾರವಲ್ಲ.

ಇಷ್ಟೆಲ್ಲ ವಿವರ ಡಬ್ಬಿಯ ಮೇಲೆ ಹಿಡಿಸುವುದಿಲ್ಲ. ಅದು ಇರುವುದು ಲ್ಯಾಬ್‌ನ ವಿಶ್ಲೇಷಣಾ ಪತ್ರದಲ್ಲಿ, ಅಂಗಡಿಯವರು ಸಿಒಎ ಎನ್ನುತ್ತಾರೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ತೆರೆಯುತ್ತದೆ, ಇಲ್ಲವಾದರೆ ಅಂಗಡಿಯಲ್ಲಿ ಕೇಳಿ. ತೆರೆದ ತಕ್ಷಣ ಟಿಎಚ್‌ಸಿ ಅಂಕಿಗೆ ಹೋಗಬೇಡಿ. ಮೊದಲು ಅದರಲ್ಲಿರುವ ಬ್ಯಾಚ್ ನಂಬರ್ ಮತ್ತು ಕೈಯಲ್ಲಿರುವ ಡಬ್ಬಿಯ ಬ್ಯಾಚ್ ನಂಬರ್ ಅಕ್ಷರಕ್ಕೆ ಅಕ್ಷರ ಹೊಂದುತ್ತವೆಯೇ ನೋಡಿ. ಒಂದು ಒಳ್ಳೆಯ ಬ್ಯಾಚಿನ ವರದಿಯನ್ನೇ ವರ್ಷಗಟ್ಟಲೆ ಎಲ್ಲ ಡಬ್ಬಿಗೂ ತೋರಿಸುವುದು ಹಳೆಯ ಉಪಾಯ. ಆಮೇಲೆ ಮಾದರಿಯ ವಿವರ. ಕಾರ್ಟ್ರಿಜ್ ಡಬ್ಬಿಗೆ ಹೂವಿನ ವರದಿ ಅಂಟಿಸಿದ್ದರೆ ಅದು ಕೆಲಸಕ್ಕೆ ಬಾರದ ಕಾಗದ. ಲ್ಯಾಬ್‌ಗೆ ಐಎಸ್‌ಒ 17025 ಎಂಬ, ಪರೀಕ್ಷಾ ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡದ ಮಾನ್ಯತೆ ಇದೆಯೇ ನೋಡಿ, ವರದಿಯನ್ನು ಲ್ಯಾಬ್‌ನ ಸ್ವಂತ ಜಾಲತಾಣದಲ್ಲೇ ಹುಡುಕಿ ತೆಗೆಯಿರಿ. ಮಾರುವವರ ಫೋನಿನಲ್ಲಿರುವ ಪಿಡಿಎಫ್ ತಿದ್ದಲು ಹತ್ತು ನಿಮಿಷ ಸಾಕು.

ವರದಿಯಲ್ಲಿ ಎನ್‌ಡಿ ಎಂದಿದ್ದರೆ ಆ ವಸ್ತು ಪತ್ತೆಯಾಗಿಲ್ಲ ಎಂದರ್ಥ. ಎಲ್‌ಒಕ್ಯೂಗಿಂತ ಕಡಿಮೆ ಎಂದಿದ್ದರೆ, ಸುಳಿವು ಇದೆ, ಆದರೆ ಅಳೆದು ಹೇಳುವಷ್ಟಿಲ್ಲ. ಕೀಟನಾಶಕ, ಲೋಹ, ದ್ರಾವಕ, ಬೂಷ್ಟು, ಈ ನಾಲ್ಕರ ಮುಂದೆಯೂ ಫಲಿತಾಂಶ ಇರಬೇಕು. ಬರೀ ಶಕ್ತಿಯ ಪರೀಕ್ಷೆ ಇರುವ ಒಂದೇ ಪುಟದ ವರದಿ ಜಾಹೀರಾತಿಗಿಂತ ಹೆಚ್ಚಲ್ಲ. ಶಕ್ತಿಯ ಅಂಕಿಯೂ ಕಲ್ಲಿನ ಗೆರೆಯಲ್ಲ: ಕ್ಯಾಲಿಫೋರ್ನಿಯಾದಲ್ಲಿ ಲೇಬಲ್‌ಗೂ ಲ್ಯಾಬ್‌ಗೂ ಶೇ. 10ರಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ಹೆಚ್ಚು ಅಂಕಿ ಬರೆದುಕೊಡುವ ಲ್ಯಾಬ್ ಹುಡುಕಿಕೊಂಡು ಹೋಗುವ ಕಂಪನಿಗಳೂ ಇರುವುದರಿಂದ 84 ಮತ್ತು 89ರ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ.

ಪದಾರ್ಥಗಳ ಪಟ್ಟಿಯಲ್ಲಿ ಇರಬೇಕಾದದ್ದು ಗಾಂಜಾ ಎಣ್ಣೆ ಮತ್ತು ಟರ್ಪೀನ್, ಅಷ್ಟೇ. ಟರ್ಪೀನ್‌ಗಳು ನಮಗೆ ಹೊಸವಲ್ಲ. ಶಿರಸಿಯ ಕಾಳುಮೆಣಸಿನ ಪರಿಮಳದಲ್ಲಿ ಪಾಲಿರುವ ಕ್ಯಾರಿಯೋಫಿಲೀನ್, ಕಿತ್ತಳೆ ಸಿಪ್ಪೆಯ ಲಿಮೋನೀನ್ ಗಾಂಜಾದಲ್ಲೂ ಇವೆ. ಗಾಂಜಾದಿಂದಲೇ ತೆಗೆದದ್ದೋ ಬೇರೆ ಗಿಡದ್ದೋ ಎಂದು ಲೇಬಲ್‌ನಲ್ಲಿ ಬರೆದಿದ್ದರೆ ಒಳ್ಳೆಯದು, ಬರೀ ಫ್ಲೇವರ್ ಎಂದಿದ್ದರೆ ಬೇಡ. ತಿನ್ನಲು ಸುರಕ್ಷಿತವಾದದ್ದು ಶ್ವಾಸಕೋಶಕ್ಕೂ ಸುರಕ್ಷಿತ ಎಂಬ ನಂಬಿಕೆಯೇ ಇಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ತೆಂಗಿನಿಂದ ತೆಗೆಯುವ ಎಂಸಿಟಿ ಎಣ್ಣೆ ನಾಲಿಗೆ ಕೆಳಗೆ ಬಿಡುವ ಹನಿ ಔಷಧಿಗೆ ಸರಿ, ಹೊಗೆಯಾಗಿ ಎಳೆಯುವುದಕ್ಕಲ್ಲ. ಎಣ್ಣೆ ತೆಳು ಮಾಡಲು ಬೆರೆಸುವ ಪಾಲಿಎಥಿಲೀನ್ ಗ್ಲೈಕಾಲ್ ಕಾದರೆ ಫಾರ್ಮಾಲ್ಡಿಹೈಡ್ ಬರುತ್ತದೆ.

ವಿಟಮಿನ್ ಇ ಅಸಿಟೇಟ್ ಕಥೆಯಂತೂ ಯಾರೂ ಮರೆಯಬಾರದು. ದುಬಾರಿ ಎಣ್ಣೆಯನ್ನು ಹಿಗ್ಗಿಸಲು ಕಳ್ಳ ಮಾರುಕಟ್ಟೆಯವರು ಅದನ್ನು ಬೆರೆಸಿದರು, ಬೆರೆಸಿದರೂ ಎಣ್ಣೆ ತೆಳುವಾಗಿ ಕಾಣುವುದಿಲ್ಲ ಎಂಬುದೇ ಅನುಕೂಲ. 2019ರಲ್ಲಿ ಅಮೆರಿಕದ ಆಸ್ಪತ್ರೆಗಳು ಉಸಿರು ಕಟ್ಟಿದ ಯುವಕರಿಂದ ತುಂಬಿದವು. 2020ರ ಫೆಬ್ರವರಿ 18ರ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದು ಅಥವಾ ತೀರಿಕೊಂಡದ್ದು ಲೆಕ್ಕಕ್ಕೆ ಬಂತು, ಅವರಲ್ಲಿ 68 ಸಾವು ಖಚಿತ. 51 ರೋಗಿಗಳ ಶ್ವಾಸಕೋಶ ತೊಳೆದು ತೆಗೆದ ದ್ರವ ಪರೀಕ್ಷಿಸಿದಾಗ 48 ಜನರಲ್ಲಿ ಈ ವಸ್ತು ಸಿಕ್ಕಿತು. ಆ ಕಾಲದ ಕಳ್ಳ ಮಾಲು ಚಂದದ ಬಣ್ಣದ ಡಬ್ಬಿಗಳಲ್ಲೇ ಇತ್ತು, ಖಾಲಿ ಡಬ್ಬಿಗಳನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಕೊಳ್ಳಬಹುದಿತ್ತು. ಅಚ್ಚಾದ ಲೇಬಲ್ ತನ್ನಷ್ಟಕ್ಕೆ ಸಾಕ್ಷಿಯಲ್ಲ ಎನ್ನುವುದು ಇದಕ್ಕೇ.

ಅಧಿಕೃತ ಡಬ್ಬಿಗೆ ಕೆಲವು ಗುರುತುಗಳಿವೆ. ಕೆನಡಾದಲ್ಲಿ ಎಂಟು ಮೂಲೆಯ ಕೆಂಪು ಚಿಹ್ನೆ, ಹಳದಿ ಹಿನ್ನೆಲೆಯ ಆರೋಗ್ಯ ಎಚ್ಚರಿಕೆ, ಅಬಕಾರಿ ಮುದ್ರೆ. ಒಂದು ಡಬ್ಬಿಯಲ್ಲಿ 1,000 ಮಿ.ಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರುವ ಎಣ್ಣೆ ಅಲ್ಲಿ ಮಾರುವಂತಿಲ್ಲ, ಆದ್ದರಿಂದ ಎರಡು ಸಾವಿರ ಎಂದು ಬರೆದದ್ದು ಅಂಗಡಿಯ ಮಾಲಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಲೆ ಮತ್ತು ಉದ್ಗಾರ ಚಿಹ್ನೆಯ ತ್ರಿಕೋನ, ತಯಾರಕರ ಹೆಸರು, ಬ್ಯಾಚ್ ನಂಬರ್ ಇರಲೇಬೇಕು. ಅಮೆರಿಕದ ಪೆಟ್ರೋಲ್ ಬಂಕ್‌ಗಳಲ್ಲಿ ಹೆಂಪ್ (ಟಿಎಚ್‌ಸಿ ಅತಿ ಕಡಿಮೆ ಇರುವ ಗಾಂಜಾ ತಳಿ) ಹೆಸರಿನಲ್ಲಿ ಸಿಗುತ್ತ ಬಂದಿರುವ, ಟಿಎಚ್‌ಸಿಯ ಇನ್ನೊಂದು ರೂಪವಾದ ಡೆಲ್ಟಾ-8 ಹೆಚ್ಚಾಗಿ ಸಿಬಿಡಿಯನ್ನು ಆಮ್ಲದಲ್ಲಿ ಪರಿವರ್ತಿಸಿ ಮಾಡಿದ್ದು. ಅದಕ್ಕೆ ಪರವಾನಗಿ ಅಂಗಡಿಯಷ್ಟು ಕಟ್ಟುನಿಟ್ಟಿನ ಪರೀಕ್ಷೆ ಇಲ್ಲದ್ದೇ ಹೆಚ್ಚು.

ಇನ್ನು ನಮ್ಮ ನೆಲ. ಗೋಕರ್ಣದಲ್ಲಾಗಲಿ ಗೋವಾದಲ್ಲಾಗಲಿ ಯಾರಾದರೂ ಇಂಥ ಡಬ್ಬಿ ಮುಂದಿಟ್ಟರೆ ಮೇಲೆ ಹೇಳಿದ ಯಾವ ತಪಾಸಣೆಗೂ ಅರ್ಥವಿಲ್ಲ. ಅಂಗಡಿಯಿಲ್ಲ, ಬಿಲ್ಲಿಲ್ಲ, ಬ್ಯಾಚಿನ ಹಿಂದೆ ಉತ್ತರ ಕೊಡುವವರಿಲ್ಲ, ಕ್ಯೂಆರ್ ಕೋಡ್ ಸರಿಯಾಗಿ ತೆರೆದರೂ ಕೊಳವೆಯೊಳಗೆ ಇರುವುದು ಅದೇ ಎಣ್ಣೆ ಎನ್ನಲು ಆಧಾರವಿಲ್ಲ. ಕಾನೂನಂತೂ ಸ್ಪಷ್ಟ. ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆ ಹ್ಯಾಶಿಶ್ ಎಣ್ಣೆಯನ್ನು, ಎಂದರೆ ಇಂಥ ಗಟ್ಟಿ ಗಾಂಜಾ ಎಣ್ಣೆಯನ್ನು, ಚರಸ್‌ನ ವ್ಯಾಖ್ಯೆಯೊಳಗೇ ಸೇರಿಸಿದೆ. ಗಾಂಜಾಕ್ಕೆ ಸಣ್ಣ ಪ್ರಮಾಣದ ಮಿತಿ 1 ಕಿಲೋ, ಚರಸ್‌ಗೆ 100 ಗ್ರಾಂ ಮಾತ್ರ. ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ ಆಗಬಹುದು. ಬೆರೆಸಿದ ವಸ್ತು ಸೇರಿಸಿ ಒಟ್ಟು ತೂಕವನ್ನೇ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಇದರ ಮೇಲೆ ವೇಪ್ ಸಾಧನವೇ ನಿಷಿದ್ಧ: ಕರ್ನಾಟಕದಲ್ಲಿ 2016ರಿಂದ, ದೇಶಕ್ಕೆಲ್ಲ 2019ರಿಂದ, ನಿಕೋಟಿನ್ ಇರಲಿ ಬಿಡಲಿ. ರಜೆಗೆ ಊರಿಗೆ ಹೊರಡುವ ಮಕ್ಕಳಿಗೆ ಮೊದಲೇ ಹೇಳಿ, ಜಾಕೆಟ್ಟಿನ ಒಳಜೇಬು, ಚಾರ್ಜರ್ ಇಡುವ ಪೌಚು ಎಲ್ಲ ಕೊಡವಿ ನೋಡಲಿ. ಅರ್ಧ ಖಾಲಿಯಾದ ಕಾರ್ಟ್ರಿಜ್ ಕೂಡ ಕೆನಡಾದ ಗಡಿ ದಾಟುವಾಗಲೇ ಅಪರಾಧ, ಇಲ್ಲಿ ಇಳಿದರೆ ಆಮದು. ಅಲ್ಲಿಯ ಬಿಲ್ ತೋರಿಸಿ ಪ್ರಯೋಜನವಿಲ್ಲ.

ವಿಜಯಾ (ಗಾಂಜಾ ಗಿಡಕ್ಕೆ ಆಯುರ್ವೇದದ ಹೆಸರು) ಎಂಬ ಹೆಸರಿನ ಆಯುರ್ವೇದ ಎಣ್ಣೆಗಳು ಬೇರೆಯೇ ದಾರಿ. ಅವು ಎಲೆಯಿಂದ ಮಾಡಿದವು, ಡಬ್ಬಿಯ ಮೇಲೆ ಆಯುರ್ವೇದ ತಯಾರಿಕಾ ಪರವಾನಗಿ ನಂಬರ್ ಇರಬೇಕು, ಔಷಧಿ ನಿಯಮಗಳ ಇ(1) ಪರಿಶಿಷ್ಟದಲ್ಲಿ ಭಂಗಿಯೂ ಇರುವುದರಿಂದ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆಯೂ ಇರಬೇಕು. ಹೆಂಪ್ ಬೀಜದ ಎಣ್ಣೆ ಅಡುಗೆ ಪದಾರ್ಥ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2021ರಲ್ಲಿ ಒಪ್ಪಿದ ಮಿತಿಯಂತೆ ಅದರಲ್ಲಿ ಕಿಲೋಗೆ 10 ಮಿ.ಗ್ರಾಂ ಟಿಎಚ್‌ಸಿ ದಾಟುವಂತಿಲ್ಲ. ಈ ಎರಡನ್ನೂ ಕಾರ್ಟ್ರಿಜ್‌ಗೆ ತುಂಬಿ ಎಳೆಯುವ ಹುಚ್ಚು ಬೇಡವೇ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಮನೆಯಲ್ಲಿ ಯಾರಿಗಾದರೂ ಎಳೆದ ಮೇಲೆ ಎದೆ ಬಡಿತ ಏರಿ ಗಾಬರಿಯಾದರೆ ಕೂರಿಸಿ, ನೀರು ಕೊಡಿ, ಒಬ್ಬರೇ ಇರಲು ಬಿಡಬೇಡಿ. ಸಾಮಾನ್ಯವಾಗಿ ಕೆಲವು ತಾಸಿನಲ್ಲಿ ಇಳಿಯುತ್ತದೆ. ಎದೆನೋವು, ಏದುಸಿರು, ನಿಲ್ಲದ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ ಇದ್ದರೆ 108ಕ್ಕೆ ಕರೆ ಮಾಡಿ. ಚಿಕ್ಕ ಮಗು ಎಣ್ಣೆ ನೆಕ್ಕಿದ್ದರೆ ಲಕ್ಷಣ ಕಾಯುತ್ತ ಕೂರದೆ ಹೊರಡಿ, ನುಂಗಿದ್ದು ಏರಲು ಒಂದೆರಡು ತಾಸು ಹಿಡಿಯಬಹುದು. ಕಾರ್ಟ್ರಿಜ್, ಡಬ್ಬಿ ಎರಡನ್ನೂ ಎಸೆಯದೆ ಜೊತೆಗೆ ಒಯ್ಯಿರಿ. ಎಷ್ಟು ಮಿಲಿಗ್ರಾಂ, ಎಷ್ಟು ಹೊತ್ತಾಯಿತು, ಎಣ್ಣೆ ಎಷ್ಟು ಕಡಿಮೆಯಾಗಿದೆ ಎಂಬ ಮೂರನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ.