ಖಳರ ಕಡೆಯಿಂದಲೇ ಕಥೆ ಏಕೆ?

ಗ್ರಹಗಳನ್ನು ಆಳುವ ಮೂವರು ದುಷ್ಟ ದೊರೆಗಳು ಮತ್ತು ಅವರ ವಿರುದ್ಧ ಎದ್ದ ದಂಗೆಯ ಕುರಿತು ನಾನು ಬರೆದ ಸ್ಪೇಸ್ ಒಪೆರಾ (ಬಾಹ್ಯಾಕಾಶದ ಸಾಹಸಕಥೆ) ಕಾದಂಬರಿಯನ್ನು ಓದಿದವರು, ಓದದೆ ಅದರ ಬಗ್ಗೆ ಕೇಳಿ ತಿಳಿದವರು ಕೂಡ, ಮೊದಲು ಕೇಳುವುದು ಒಂದೇ ಪ್ರಶ್ನೆ: ಇಡೀ ಕಥೆಯನ್ನು ಆ ದೊರೆಗಳ ಕಡೆಯಿಂದಲೇ ಏಕೆ ಹೇಳಿದಿರಿ, ಬಂಡುಕೋರರ ಪಾಳಯಕ್ಕೆ ಒಂದು ಅಧ್ಯಾಯದ ಮಟ್ಟಿಗಾದರೂ ಏಕೆ ಹೋಗಲಿಲ್ಲ? ನಿಮಗೆ ಆ ದುಷ್ಟರ ಮೇಲೆ ಕನಿಕರವೇ ಎಂದೂ ಕೆಲವರು ಕೇಳುತ್ತಾರೆ. ಕನಿಕರವಿಲ್ಲ. ದಂಗೆಯೊಂದು ಹೇಗೆ ಗೆಲ್ಲುತ್ತದೆ ಎಂಬುದು ಬಂಡುಕೋರರ ಪಾಳಯಕ್ಕಿಂತ ಅರಮನೆಯ ಒಳಗೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂದು ನಂಬಿದ್ದರಿಂದ ಹಾಗೆ ಬರೆದೆ.

ಈ ಪ್ರಕಾರದ ಕಥೆಗಳಲ್ಲಿ ದಂಗೆ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಸಾಗುತ್ತದೆ. ಮೂಲೆಯ ಗ್ರಹವೊಂದರಿಂದ ಬಂದ ತರುಣ, ಕದ್ದು ತಂದ ನಕಾಶೆ, ಗ್ರಹವನ್ನೇ ಪುಡಿ ಮಾಡಬಲ್ಲ ದೈತ್ಯ ಆಯುಧ, ಕೊನೆಯಲ್ಲಿ ಒಂದು ಸ್ಫೋಟ. ಸ್ಫೋಟದೊಡನೆ ಸಾಮ್ರಾಜ್ಯವೂ ಮುಗಿಯುತ್ತದೆ. ಓದುವಾಗ ಇದು ರೋಚಕವೇ ಸರಿ, ನಾನೂ ಸಂತೋಷದಿಂದ ಓದಿದ್ದೇನೆ. ಆದರೆ ಆಯುಧ ಹೋದ ಮರುದಿನವೂ ತೆರಿಗೆ ವಸೂಲಿ ಮಾಡುವವರು, ಸಂಬಳ ಬಟವಾಡೆ ಮಾಡುವವರು, ಸೆರೆಮನೆಯ ಬೀಗದ ಕೈ ಇಟ್ಟುಕೊಂಡವರು ಇದ್ದೇ ಇರುತ್ತಾರಲ್ಲ, ಅವರೆಲ್ಲ ಆ ದಿನ ಯಾರ ಮಾತು ಕೇಳಿದರು ಎಂಬ ಪ್ರಶ್ನೆಯನ್ನು ಅಂಥ ಕಥೆ ಎತ್ತುವುದೇ ಇಲ್ಲ.

ನನ್ನ ಸಾಮ್ರಾಜ್ಯ ಒಂದೇ ನಕ್ಷತ್ರದ ಸುತ್ತ ಹರಡಿದೆ. ಅಳತೆಗೆ ನಮ್ಮ ಸೌರಮಂಡಲವನ್ನೇ ಇಟ್ಟುಕೊಂಡೆ. ಸೂರ್ಯನಿಗೆ ಅತಿ ಸಮೀಪದ ನಕ್ಷತ್ರವೇ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಅಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ ಉತ್ತರ ಪಡೆಯಲು ಎಂಟು ವರ್ಷಕ್ಕೂ ಹೆಚ್ಚು ಕಾಯಬೇಕಾದ ದೊರೆ ಹೆಸರಿಗಷ್ಟೇ ದೊರೆ. ಬೆಳಕಿನ ವೇಗವನ್ನು ಮೀರುವ ಯಂತ್ರವೊಂದನ್ನು ಕಲ್ಪಿಸಿ ಈ ತೊಡಕಿನಿಂದ ಪಾರಾಗಬಹುದಿತ್ತು, ಆದರೆ ತೊಡಕೇ ನನಗೆ ಬೇಕಾಗಿತ್ತು. ರೇಡಿಯೊ ಸಂದೇಶವು ಭೂಮಿಯಿಂದ ಮಂಗಳವನ್ನು ಮುಟ್ಟಲು, ಎರಡೂ ಗ್ರಹಗಳು ಆ ಹೊತ್ತಿಗೆ ಎಲ್ಲಿವೆ ಎಂಬುದನ್ನು ಅವಲಂಬಿಸಿ, 3ರಿಂದ 22 ನಿಮಿಷ ಬೇಕು. ನೆಪ್ಚೂನ್‌ಗೆ ನಾಲ್ಕು ಗಂಟೆ. ಸುದ್ದಿಯ ಮಟ್ಟಿಗೆ ಇದು ದೊಡ್ಡ ವಿಳಂಬವೇನಲ್ಲ. ಆದರೆ 1977ರಲ್ಲಿ ಹೊರಟ ವಾಯೇಜರ್ 2 ನೌಕೆ ನೆಪ್ಚೂನ್ ಸಮೀಪಕ್ಕೆ ಬಂದದ್ದು 1989ರಲ್ಲಿ. ನನ್ನ ಕಾದಂಬರಿಯ ಹಡಗುಗಳು ಅದಕ್ಕಿಂತ ಎಷ್ಟೋ ಪಾಲು ವೇಗದವಾದರೂ ಅಂಚಿನ ಗಣಿಗಳನ್ನು ತಲುಪಲು ಅವಕ್ಕೆ ಏಳು ತಿಂಗಳು ಹಿಡಿಯುತ್ತದೆ. ಸುದ್ದಿ ನಾಲ್ಕು ಗಂಟೆಯಲ್ಲಿ ಬರುತ್ತದೆ, ಸೈನ್ಯ ಹೋಗಲು ಏಳು ತಿಂಗಳು ಬೇಕು. ಹೀಗಾಗಿ ದಂಗೆಯೆದ್ದ ದಿನ ದೊರೆಗಳ ಕೈಯಲ್ಲಿರುವುದು ಆಗಲೇ ಅಲ್ಲಿರುವ ಕಾವಲು ಪಡೆ ಮಾತ್ರ, ಮತ್ತು ಆ ಪಡೆಯ ಮನಸ್ಸು ಹೇಗಿದೆ ಎಂಬುದರ ಕುರಿತು ಬರುವ ವರದಿ ಮಾತ್ರ.

ಆ ವರದಿಯೇ ಕಾದಂಬರಿಯ ನಡುಭಾಗ. ಉಸಿರಾಡುವ ಗಾಳಿಗೆ ತೆರಿಗೆ ಹಾಕಿದ ಗಣಿ ನಿಲ್ದಾಣವೊಂದರಿಂದ ಕಿರಿಯ ಅಧಿಕಾರಿಯೊಬ್ಬಳು ಮೂರು ವಾಕ್ಯ ಬರೆದು ಕಳಿಸುತ್ತಾಳೆ: ಕಾರ್ಮಿಕರು ಅದಿರು ಸಾಗಣೆ ನಿಲ್ಲಿಸಿದ್ದಾರೆ, ಗುಂಡು ಹಾರಿಸಲು ಆದೇಶಿಸಲಾಯಿತು, ಕಾವಲಿನವರಲ್ಲಿ ಹನ್ನೊಂದು ಮಂದಿ ಬಂದೂಕು ಕೆಳಗಿಟ್ಟರು. ನಿಲ್ದಾಣದ ಮುಖ್ಯಸ್ಥ ತನ್ನ ತಲೆಗೆ ಬರುತ್ತದೆಂದು ಮೂರನೆಯ ವಾಕ್ಯವನ್ನು ತೆಗೆದುಹಾಕುತ್ತಾನೆ. ಪ್ರಾಂತ್ಯದ ಕಚೇರಿಯಲ್ಲಿ ಎರಡನೆಯದು ‘ಅಗತ್ಯ ಕ್ರಮ ಕೈಗೊಳ್ಳಲಾಗಿದೆ’ ಎಂದಾಗುತ್ತದೆ. ರಾಜಧಾನಿಯ ಗುಮಾಸ್ತನು ಮೊದಲನೆಯದನ್ನು ‘ಸಾಗಣೆಯಲ್ಲಿ ತಾತ್ಕಾಲಿಕ ವಿಳಂಬ’ ಎಂದು ತಿದ್ದುತ್ತಾನೆ. ದೊರೆಗಳಲ್ಲಿ ಹಿರಿಯಳಾದ ಮಹಾರಾಣಿಯ ಮುಂದೆ ಕಡತ ಬರುವ ಹೊತ್ತಿಗೆ ಅದರಲ್ಲಿ ದಂಗೆಯೇ ಇಲ್ಲ, ‘ನೋಡಿದೆ’ ಎಂಬ ಷರಾ ಬರೆದು ಆಕೆ ಊಟಕ್ಕೆ ಏಳುತ್ತಾಳೆ. ಕೆಟ್ಟ ಸುದ್ದಿ ತಂದವರ ತಲೆ ತೆಗೆಸುವ ಪದ್ಧತಿಯನ್ನು ಆರಂಭಿಸಿದವಳು ಆಕೆಯೇ, ಆದ್ದರಿಂದ ಆ ಗುಮಾಸ್ತನನ್ನು ದೂರುವ ಹಕ್ಕು ಆಕೆಗಿಲ್ಲ. ಈ ದೃಶ್ಯವನ್ನು ಬಂಡುಕೋರರ ಕಡೆಯಿಂದ ಬರೆಯಲು ಸಾಧ್ಯವೇ ಇರಲಿಲ್ಲ, ಏಕೆಂದರೆ ತಾವು ಗೆಲ್ಲುತ್ತಿದ್ದೇವೆ ಎಂಬುದು ಆ ಹೊತ್ತಿಗೆ ಅವರಿಗೂ ಗೊತ್ತಿಲ್ಲ.

ಇದು ಅತಿರೇಕವಾಯಿತು, ಇಷ್ಟು ಕುರುಡಾಗಿ ಯಾರಿರುತ್ತಾರೆ ಎನ್ನುವವರಿಗೆ ನಾನು ಇತಿಹಾಸದ ಎರಡು ಪ್ರಸಂಗಗಳನ್ನು ನೆನಪಿಸುತ್ತೇನೆ. 1917ರಲ್ಲಿ ರಾಜಧಾನಿ ಪೆಟ್ರೊಗ್ರಾಡ್ ದಂಗೆಯಲ್ಲಿ ಹೊತ್ತಿ ಉರಿಯುತ್ತಿದ್ದಾಗ ರಷ್ಯಾದ ಚಕ್ರವರ್ತಿ ಎರಡನೆಯ ನಿಕೊಲಾಸ್ ದೂರದ ಮೊಗಿಲೆವ್‌ನ ಸೇನಾ ಕೇಂದ್ರದಲ್ಲಿದ್ದ. ಅವನಿಗೆ ಸುದ್ದಿ ತಲುಪಲು ತಂತಿಯ ವ್ಯವಸ್ಥೆಯಿತ್ತು; ಸಂಸತ್ತಿನ ಅಧ್ಯಕ್ಷ ರೊಡ್ಜಿಯಾಂಕೊ ರಾಜಧಾನಿ ಅರಾಜಕವಾಗಿದೆ ಎಂದು ತಂತಿ ಕಳಿಸಿಯೂ ಇದ್ದ. ಬೀದಿಯಲ್ಲಿ ಪುಂಡ ಹುಡುಗರು ಗಲಾಟೆ ಮಾಡುತ್ತಿದ್ದಾರೆ ಎಂಬಂತೆ ರಾಣಿ ಬರೆದದ್ದು ಅವನ ಮನಸ್ಸಿಗೆ ಹಿತವಾಗಿತ್ತು, ರೊಡ್ಜಿಯಾಂಕೊನ ಎಚ್ಚರಿಕೆಯನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿನ ಹಳೆಯ ಪಂಚಾಂಗದ ಪ್ರಕಾರ ಫೆಬ್ರವರಿ 26ರಂದು ಜನರ ಮೇಲೆ ಗುಂಡು ಹಾರಿಸಿದ್ದ ವೊಲಿನ್‌ಸ್ಕಿ ರೆಜಿಮೆಂಟಿನ ಸೈನಿಕರೇ ಮರುದಿನ ಬೆಳಿಗ್ಗೆ ತಿರುಗಿಬಿದ್ದರು. ಆ ವಾರ ಕಳೆಯುವುದರೊಳಗೆ ಅವನು ಸಿಂಹಾಸನ ಬಿಟ್ಟುಕೊಟ್ಟಿದ್ದ. ಸುದ್ದಿಯ ವೇಗ ಹೆಚ್ಚಿದರೆ ದೊರೆಗಳು ಎಚ್ಚರಗೊಳ್ಳುತ್ತಾರೆ ಎಂಬ ವಾದ ನನಗೆ ರುಚಿಸದಿರುವುದು ಇದರಿಂದಲೇ.

ಎರಡನೆಯದು ರೊಮೇನಿಯಾದ ಸರ್ವಾಧಿಕಾರಿ ಚಾಸೆಸ್ಕುವಿನದು, ಮತ್ತು ಇದರ ದೃಶ್ಯಾವಳಿ ಇರುವುದರಿಂದ ಯಾರು ಬೇಕಾದರೂ ನೋಡಬಹುದು. 1989ರ ಡಿಸೆಂಬರಿನಲ್ಲಿ ಟಿಮಿಶೊವಾರಾ ನಗರದಲ್ಲಿ ಜನ ದಂಗೆಯೆದ್ದಿದ್ದರೂ ಅವನು ಇರಾನ್ ಪ್ರವಾಸಕ್ಕೆ ಹೋಗಿ ಬಂದ. 21ರಂದು ಬುಕಾರೆಸ್ಟ್‌ನಲ್ಲಿ ತಾನೇ ಕರೆಸಿದ ಜನಸ್ತೋಮದ ಎದುರು ಕಟ್ಟಡವೊಂದರ ಬಾಲ್ಕನಿಯಲ್ಲಿ ನಿಂತು ಮಾತನಾಡುತ್ತಿರುವಾಗ ಹಿಂದಿನ ಸಾಲುಗಳಿಂದ ಗದ್ದಲ ಏಳುತ್ತದೆ. ಅವನ ಮಾತು ನಿಲ್ಲುತ್ತದೆ. ಬಲಗೈ ಮೇಲೆತ್ತಿ, ದೂರವಾಣಿಯ ಸಂಪರ್ಕ ಕಡಿದವನಂತೆ ‘ಹಲೋ, ಹಲೋ’ ಎನ್ನುತ್ತಾನೆ. ಪಕ್ಕದಲ್ಲಿ ಹೆಂಡತಿ ಜನರನ್ನು ಗದರುತ್ತಾಳೆ. ಬಳಿಕ ಅವಸರದಲ್ಲಿ ಸಂಬಳ, ಪಿಂಚಣಿ ಹೆಚ್ಚಿಸುವ ಮಾತು ಬರುತ್ತದೆ. ಮರುದಿನ ಸೈನ್ಯ ಜನರ ಕಡೆ ಸೇರಿತು, ಅವನು ಕಟ್ಟಡದ ಮಾಳಿಗೆಯಿಂದ ಹೆಲಿಕಾಪ್ಟರ್ ಹತ್ತಿ ಓಡಿದ, 25ರಂದು ಅವಸರದ ವಿಚಾರಣೆಯ ಬಳಿಕ ಗಂಡ ಹೆಂಡತಿ ಇಬ್ಬರನ್ನೂ ಗುಂಡಿಟ್ಟು ಕೊಂದರು. ಆ ಎತ್ತಿದ ಕೈಯನ್ನು ನೋಡಿಯೇ ನಾನು ಮಹಾರಾಣಿಯ ಕೊನೆಯ ಭಾಷಣದ ಅಧ್ಯಾಯವನ್ನು ಬರೆದದ್ದು. ಕಪ್ಪು ನಿಲುವಂಗಿ ತೊಟ್ಟು ಅಟ್ಟಹಾಸ ಮಾಡುವ ಖಳರು ಯಾರಿಗೆ ಬೇಕು?

ಕನಿಕರದ ಮಾತಿಗೆ ಬರುತ್ತೇನೆ. ಕೊಳದ ನೀರಿನಲ್ಲಿ ಅಡಗಿಯೂ ಬೆವರಿದ ದುರ್ಯೋಧನನನ್ನು ಓದಿ ಬೆಳೆದವರಿಗೆ ಖಳನನ್ನು ಒಳಗಿನಿಂದ ನೋಡುವುದು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಆದರೆ ಆ ದಾರಿಯಲ್ಲೊಂದು ಅಪಾಯವಿದೆ. ಖಳನ ಬಾಲ್ಯದ ನೋವನ್ನು, ಅವನ ಒಂಟಿತನವನ್ನು ಪುಟಗಟ್ಟಲೆ ವರ್ಣಿಸುತ್ತ ಹೋದರೆ ಓದುಗನು ಗಣಿಯಲ್ಲಿ ಸತ್ತವರನ್ನು ಮರೆತುಬಿಡುತ್ತಾನೆ. ನಾನು ನನ್ನ ಮೂವರು ದೊರೆಗಳಿಗೆ ಬಾಲ್ಯವನ್ನೇ ಕೊಡಲಿಲ್ಲ. ಅವರಿಗೆ ಬುದ್ಧಿಯಿದೆ, ಹಾಸ್ಯಪ್ರಜ್ಞೆಯಿದೆ, ಒಬ್ಬರ ಮೇಲೊಬ್ಬರಿಗೆ ಸಂಶಯವಿದೆ. ಮಾಡುವ ಕೆಲಸವೆಲ್ಲ ಎದುರಿಗೇ ಇದೆ. ಗಣಿಯ ಜನ ಅವರ ಕಡತಗಳಲ್ಲಿ ಅಂಕಿಗಳಾಗಿ ಮಾತ್ರ ಬರುತ್ತಾರೆ ಎಂದು ಬೇಸರಪಟ್ಟವರಿದ್ದಾರೆ. ಆ ಬೇಸರ ಬರಲೆಂದೇ ಹಾಗೆ ಬರೆದೆ: ಆಳುವವರ ಕಣ್ಣಿಗೆ ಆ ಜನ ಅಂಕಿಗಳೇ, ಅವರಿಗೆ ನಾನು ಹೆಸರಿಟ್ಟಿದ್ದರೆ ಅದು ನನ್ನ ಕಣ್ಣಾಗುತ್ತಿತ್ತು, ದೊರೆಗಳದ್ದಲ್ಲ.

ಇನ್ನು ಕೊನೆಯ ಬಗ್ಗೆ, ಏಕೆಂದರೆ ಮೊದಲ ಪ್ರಶ್ನೆಯ ಬೆನ್ನಿಗೇ ಬರುವ ಪ್ರಶ್ನೆ ಅದು. ದಂಗೆ ಗೆಲ್ಲುತ್ತದೆ, ಮೂವರಲ್ಲಿ ಇಬ್ಬರು ಸಾಯುತ್ತಾರೆ, ಖಜಾನೆ ನೋಡಿಕೊಳ್ಳುತ್ತಿದ್ದ ಮೂರನೆಯವನು ಮಾತ್ರ ಬದುಕುಳಿದು ಹೊಸ ಸರ್ಕಾರದಲ್ಲಿ ಹುದ್ದೆಯನ್ನೂ ಪಡೆಯುತ್ತಾನೆ. ಕಾವಲು ಪಡೆಗೆ ಮುಂದಿನ ತಿಂಗಳ ಸಂಬಳ ಎಲ್ಲಿಂದ ಬರಬೇಕು ಎಂಬುದು ಗೊತ್ತಿದ್ದವನು ಅವನೊಬ್ಬನೇ, ಮತ್ತು ಆ ಸಂಬಳ ತಪ್ಪಿದರೆ ಏನಾಗುತ್ತದೆ ಎಂಬುದು ಬಂಡುಕೋರರಿಗೆ ಚೆನ್ನಾಗಿ ಗೊತ್ತಿತ್ತು. ಅವನನ್ನೂ ಕೊಲ್ಲಬೇಕಿತ್ತು ಎಂದು ಹಲವು ಓದುಗರು ಸಿಟ್ಟಿನಿಂದಲೇ ಹೇಳಿದ್ದಾರೆ. ಆ ಸಿಟ್ಟು ನ್ಯಾಯವಾದದ್ದು, ಆದರೆ ಮರುಮುದ್ರಣದಲ್ಲಿಯೂ ಅವನು ಬದುಕಿಯೇ ಇರುತ್ತಾನೆ.